ವಾರಸುದಾರರು ಬರುವ ತನಕ ಚಪ್ಪಾಳೆ

ನೆಕೊಚೆಯಾ
ಜನವರಿ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಮುನಿಸಿಕೊಂಡಿರುವ ನನ್ನ ಮರಿಸೆಲ್‌ಗೆ,

ಅಮ್ಮನ ಮುತ್ತುಗಳು. ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ನಿನ್ನ ಎದೆ ಧಸಕ್ ಅಂದಿರುತ್ತದೆ. ಯಾರೂ ಸತ್ತಿಲ್ಲ, ನಿಧಾನವಾಗಿ ಓದು. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನಾನು ಎಂಥವಳು ಎನ್ನುವುದು ಜುಲೈ ತಿಂಗಳ ಚಳಿಯಲ್ಲಿ ನಿನಗೆ ಗೊತ್ತಾಗಿದೆ. ನೀನು, "ಅಪ್ಪನ್ನ ಒಂದ್ಸಲ ಡಾಕ್ಟರಿಗೆ ತೋರ್ಸಮ್ಮ, ಮರೆವು ಜಾಸ್ತಿ ಆಗ್ತಿದೆ" ಅಂದೆ. ನಾನು, "ನಿನ್ನ ಆಸ್ಪತ್ರೆ ಬುದ್ಧೀನ ನಿನ್ನ ರೋಗಿಗಳ ಹತ್ರ ಇಟ್ಕೋ, ನನ್ನ ಗಂಡನ ತಂಟೆಗೆ ಬರಬೇಡ" ಅಂದು ಫೋನ್ ಕುಕ್ಕಿಬಿಟ್ಟೆ. ಕಾಗದವನ್ನು ಹಾಗೆ ಕುಕ್ಕಲು ಬರುವುದಿಲ್ಲ. ಅರ್ಧಕ್ಕೆ ಬಿಟ್ಟರೂ ಅದು ಮೇಜಿನ ಮೇಲೆ ಕಾಯುತ್ತಾ ಕೂತಿರುತ್ತದೆ. ಆಮೇಲೆ ನಮ್ಮಿಬ್ಬರ ನಡುವೆ ಓಡಾಡಿದ್ದು ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಮೇಣದಬತ್ತಿಯ ಚಿತ್ರ ಒಂದೇ. ಊರಿಗೆಲ್ಲ ಕಳಿಸಿದ್ದನ್ನೇ ಹೆತ್ತವಳಿಗೂ ಕಳಿಸಿದ್ದಾಳೆ ಎಂದು ಉರಿದುಕೊಂಡೆ. ಆಮೇಲೆ ಅದನ್ನೇ ನಾನೂ ಊರಿಗೆಲ್ಲ ಕಳಿಸಿದೆ.

ಈ ಸಲವೂ ರಜೆಗೆ ಇದೇ ಕಡಲತೀರಕ್ಕೆ ಬಂದಿದ್ದೇವೆ. ಅದೇ ಮೂರನೇ ಸಾಲು, ಹಗಲು ಕೂರಲು ಅದೇ ನೀಲಿ ಪಟ್ಟೆಯ ಗುಡಾರ, ಅದೇ ಕಾಲು ಅಲ್ಲಾಡುವ ಕುರ್ಚಿ. ಕ್ರಿಸ್‌ಮಸ್ ಊಟ ಒಲವರ್ರಿಯಾದ ನಮ್ಮ ಮನೆಯಲ್ಲೇ ಆಯಿತು. ಸೆಖೆ ಎಂದರೆ ಎಂಥ ಸೆಖೆ ಅಂತೀಯ, ತಣ್ಣಗೆ ಮಾಡಿಟ್ಟ ಮಾಂಸದ ತಟ್ಟೆ ಮೇಜಿಗೆ ಬರುವಷ್ಟರಲ್ಲಿ ಬೆಚ್ಚಗಾಗಿತ್ತು. ಹಣ್ಣಿನ ಬ್ರೆಡ್ಡನ್ನು ಯಾರೂ ಮುಟ್ಟಲಿಲ್ಲ, ಇನ್ನೂ ಅದನ್ನೇ ಬೆಳಗಿನ ತಿಂಡಿಗೆ ತಿನ್ನುತ್ತಿದ್ದೇವೆ. ಹೊಸ ವರ್ಷದ ಮಾರನೆಯ ದಿನ ಬಸ್ಸು ಹತ್ತಿದೆವು. ಕಾರಿನ ಬ್ಯಾಟರಿ ಕೆಟ್ಟಿತ್ತು. ಮೂರು ರಾಜರು ಬರುವ ಹಬ್ಬಕ್ಕೆ ನಾವು ಇಳಿದುಕೊಂಡಿರುವ ಮನೆಯ ಮಕ್ಕಳೆಲ್ಲ ಉಡುಗೊರೆಗೆಂದು ಬಾಗಿಲ ಹೊರಗೆ ಚಪ್ಪಲಿ ಜೋಡಿಸಿ, ರಾಜರ ಒಂಟೆಗಳಿಗೆ ಹುಲ್ಲು ನೀರು ಇಟ್ಟು ಮಲಗಿದವು. ನಿಮ್ಮಪ್ಪ ತಮ್ಮ ಚಪ್ಪಲಿಯನ್ನೂ ಆ ಸಾಲಿಗೆ ಸೇರಿಸಿದರು, ತಮಾಷೆಗೆ. ಬೆಳಿಗ್ಗೆ ಎದ್ದು, ತಮ್ಮ ಚಪ್ಪಲಿಯಲ್ಲಿ ಏನೂ ಇಲ್ಲವೆಂದು ಮುಖ ಸಣ್ಣ ಮಾಡಿಕೊಂಡರು. ಅದೂ ತಮಾಷೆಗೇ ಇರಬೇಕು.

ಪಕ್ಕದ ಗುಡಾರದ ಚೋಲಾ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ವರ್ಷದಲ್ಲಿ ಹನ್ನೊಂದು ತಿಂಗಳು ಅವಳು ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿರುವುದಿಲ್ಲ. ಜನವರಿ ಬಂತೆಂದರೆ ಅವಳ ಗಂಡ ರೂಬೆನ್‌ನ ಮೂಲವ್ಯಾಧಿಯ ಸ್ಥಿತಿಗತಿಯೂ ನನಗೆ ಬಾಯಿಪಾಠ. ಬಿಸಿಲು ಇಳಿದ ಮೇಲೆ ನಾಲ್ವರೂ ಇಸ್ಪೀಟಿಗೆ ಕೂರುತ್ತೇವೆ. ತ್ರೂಕೊ ಆಟ ನಿನಗೆ ನಿಮ್ಮಪ್ಪನೇ ಕಲಿಸಿದ್ದಲ್ಲವೆ? ಕೈಯಲ್ಲಿ ಎಲೆ ಇಲ್ಲದಿದ್ದರೂ ಇದೆ ಎಂದು ಸುಳ್ಳು ಹೇಳಿ ಗೆಲ್ಲಬೇಕು, ಎದುರಿನವರಿಗೆ ಕಾಣದ ಹಾಗೆ ಹುಬ್ಬು ಹಾರಿಸಿ, ತುಟಿ ಕಚ್ಚಿ ಜೊತೆಗಾರನಿಗೆ ಗುಟ್ಟು ತಿಳಿಸಬೇಕು. ಮೊನ್ನೆ ನಾನು ಹುಬ್ಬು ಹಾರಿಸಿದರೆ ನಿಮ್ಮಪ್ಪ, "ಏನ್ ನೆಲಿ, ಕಣ್ಣಿಗೆ ಮರಳು ಬಿತ್ತಾ?" ಎಂದು ಎಲೆಗಳನ್ನೆಲ್ಲ ಬೋರಲು ಬಿಟ್ಟು, ಟವೆಲ್ ಹಿಡಿದುಕೊಂಡು ನನ್ನ ಕಣ್ಣೊರೆಸಲು ಬಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು, ನೀರಿನ ತನಕ ಹೋಗಿ ಕಾಲು ತೋಯಿಸಿಕೊಂಡು ಬಂದೆ. ಹೀಗೆ ಸುತ್ತಿ ಬಳಸಿ ಬರೆದರೆ ನಿನಗೂ ಗೊತ್ತಾಗುತ್ತದೆ, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಗುರುವಾರ ನಡೆದದ್ದನ್ನು ಬರೆಯುತ್ತೇನೆ. ಅದಕ್ಕೆ ಮೊದಲು ಒಂದು ಹಳೆಯ ಸಂಗತಿ ನೆನಪು ಮಾಡಬೇಕು.

ನಾಲ್ಕು ವರ್ಷದವಳಿದ್ದಾಗ ನೀನು ಇದೇ ಮರಳಿನಲ್ಲಿ ಕಳೆದುಹೋಗಿದ್ದೆ. ನಿನ್ನ ಕೆಂಪು ಬಕೆಟ್ಟು ಇಲ್ಲೇ ಬಿದ್ದಿತ್ತು, ನೀನಿರಲಿಲ್ಲ. ನಾನು ಗಂಟಲು ಹರಿಯುವ ಹಾಗೆ ಕೂಗಿದರೂ ಅಲೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಆಗ ದೂರದಿಂದ ಚಪ್ಪಾಳೆ ಕೇಳಿಸಿತು. ಯಾರೋ ದಢೂತಿ ಮನುಷ್ಯ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ಬರುತ್ತಿದ್ದ, ಅವನು ದಾಟಿದಲ್ಲೆಲ್ಲ ಜನ ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ನಮ್ಮ ಕಡಲತೀರಗಳಲ್ಲಿ ಮಗು ಸಿಕ್ಕಿದರೆ ಹಾಗೇ ಮಾಡುವುದು, ಅದರ ವಾರಸುದಾರರು ಬರುವ ತನಕ ನಿಲ್ಲಿಸುವ ಹಾಗಿಲ್ಲ. ನಿಮ್ಮಪ್ಪ ಓಡಿಹೋಗಿ ನಿನ್ನನ್ನು ಇಳಿಸಿಕೊಂಡರು. ನಾನು ಓಡಿಹೋಗಿ, ನನ್ನ ಮಗುವನ್ನು ಎಲ್ಲಿಗೆ ಎತ್ತಿಕೊಂಡು ಹೋಗಿದ್ದೆ ಎಂದು ಆ ಪುಣ್ಯಾತ್ಮನ ಮೇಲೆ ಜಗಳಕ್ಕೆ ಬಿದ್ದೆ. ಅಂದಿನಿಂದ ನಿಮ್ಮಪ್ಪ ಈ ತೀರದ ಕಳೆದ ಮಕ್ಕಳನ್ನೆಲ್ಲ ಗುತ್ತಿಗೆಗೆ ಹಿಡಿದ ಹಾಗೆ ಆಡಿದರು. ಯಾವ ಮಗು ಅಳುತ್ತಾ ನಿಂತರೂ ಇವರೇ ಮೊದಲು ಏಳಬೇಕು. ಆರಡಿ ಎತ್ತರದ ಹೆಗಲು, ಎಷ್ಟು ದೂರದಿಂದಲೂ ಕಾಣುತ್ತಿತ್ತು.

ಗುರುವಾರ ಯೆರ್ಬಾ ಕಷಾಯಕ್ಕೆ ಬಿಸಿನೀರು ಮುಗಿದಿತ್ತು. "ಇಲ್ಲೇ ಕೂತಿರಿ, ಈಗ ಬಂದೆ" ಎಂದು ನಿಮ್ಮಪ್ಪನಿಗೆ ಹೇಳಿ ಫ್ಲಾಸ್ಕ್ ಹಿಡಿದು ಅಂಗಡಿಗೆ ಹೋದೆ. ಅಲ್ಲಿ ಸಾಲು. ಮುಂದಿದ್ದವಳಿಗೆ ಕರಿದ ಚುರ್ರೊದೊಳಗೆ ಸಿಹಿ ಹೂರಣ ಬೇಕೋ ಬೇಡವೋ ಎನ್ನುವುದು ತೀರ್ಮಾನವಾಗಲಿಲ್ಲ. ನೀರು ತುಂಬಿಸಿಕೊಂಡು ಬಂದರೆ ಕುರ್ಚಿ ಖಾಲಿ. ಟೋಪಿ ಕುರ್ಚಿಯ ಮೇಲೆ, ಚಪ್ಪಲಿ ಕೆಳಗೆ.

"ಎವರಿಸ್ತೊ ಎಲ್ಲಿ ಹೋದ?" ಎಂದು ಚೋಲಾ ಕೇಳಿದಳು. "ಕಾಲು ಜೋಮು ಹಿಡೀತು ಅಂತ ನಡೆಯೋಕೆ ಹೋದ್ರು" ಅಂದೆ. ನನ್ನ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡು. ಅವಳ ಕಣ್ಣಿಗೆ ಬೀಳದ ಹಾಗೆ ಮೆಲ್ಲಗೆ ನಡೆದು, ಗುಡಾರದ ಸಾಲು ದಾಟಿದ ಮೇಲೆ ಓಡಿದೆ. ಈ ವಯಸ್ಸಿನಲ್ಲಿ, ಮರಳಿನಲ್ಲಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು. ಕಕ್ಕಸು ನೋಡಿದೆ, ಸ್ನಾನದ ಕೊಠಡಿ ನೋಡಿದೆ, ಮರದ ಬಿಲ್ಲೆ ಎಸೆದು ಆಡುವ ಮುದುಕರ ಗುಂಪಿನಲ್ಲಿ ನೋಡಿದೆ. ಏಣಿಗೂಡಿನ ಮೇಲೆ ಕೂತಿದ್ದ ಜೀವರಕ್ಷಕ, "ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ. ಕೇಳಬೇಕಾದವನೇ ಕೇಳಿದ, ನಾನು ಏನು ಹೇಳಿದೆ ಗೊತ್ತೆ? "ಕಿವಿಯೋಲೆ ಬಿದ್ದೋಯ್ತಪ್ಪ" ಅಂದೆ. ಆ ಪಾಪದವನು ಜೊತೆಯವನನ್ನು ಮೇಲೆ ಕೂರಿಸಿ, ತಾನು ಕೆಳಗಿಳಿದು ನನ್ನ ಜೊತೆ ಮರಳು ಕೆದಕಿದ. ಗಂಡ ನೀರಿನ ಪಾಲಾಗಿರಬಹುದು, ಹೆಂಡತಿ ಇಲ್ಲದ ಓಲೆ ಹುಡುಕುತ್ತಿದ್ದಾಳೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಒಬ್ಬರೆದುರು ಬಾಯಿಬಿಟ್ಟರೂ ಜುಲೈನಲ್ಲಿ ನೀನು ಹೇಳಿದ್ದು ನಿಜವಾಗಿಬಿಡುತ್ತಿತ್ತು. ಎಲ್ಲಿಯ ತನಕ ನಾನು ಒಬ್ಬಳೇ ಹುಡುಕುತ್ತೇನೋ ಅಲ್ಲಿಯ ತನಕ ಅವರು ನಡೆಯಲು ಹೋಗಿದ್ದಾರೆ ಅಷ್ಟೆ. ಇದು ಬುದ್ಧಿ ಅಲ್ಲ, ನನಗೆ ಗೊತ್ತು.

ಆಗ ಬಂದರಿನ ಕಡೆಯಿಂದ ಚಪ್ಪಾಳೆ ಶುರುವಾಯಿತು. ಹುಟ್ಟಿದಾಗಿನಿಂದ ಆಗಿರುವ ಅಭ್ಯಾಸ, ಆ ಸದ್ದು ಕೇಳಿದರೆ ಕೈ ತಾನಾಗಿಯೇ ಏಳುತ್ತದೆ. ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾನೂ ಹೊಡೆಯತೊಡಗಿದೆ. ಹೊಡೆಯುತ್ತಾ ಪಕ್ಕದ ಹೆಂಗಸಿಗೆ, "ಯಾವ ಮಹಾತಾಯೀನೋ, ನೋಡ್ಕೊಳ್ಳೋಕೆ ಆಗ್ದಿದ್ರೆ ಬೀಚಿಗೆ ಯಾಕ್ರೀ ಕರ್ಕೊಂಡು ಬರ್ಬೇಕು" ಅಂದೆ. "ಫೋನ್ ಒತ್ತುತ್ತಾ ಕೂತಿರ್ತಾರೆ ಬಿಡಿ" ಎಂದಳು ಅವಳು. ಇಬ್ಬರೂ ಸೇರಿ ಆ ಕಾಣದ ತಾಯಿಯನ್ನು ಚೆನ್ನಾಗಿ ಉಗಿದೆವು.

ಚಪ್ಪಾಳೆ ಹತ್ತಿರ ಬಂತು. ತಲೆಗಳ ಮೇಲೆ ಹಳದಿ ಈಜುಡುಗೆಯ ಒಂದು ಹುಡುಗಿ, ಅವಳ ಕೆಳಗೆ ಒಂದು ಬೋಳು ನೆತ್ತಿ. ನಿಮ್ಮಪ್ಪ. ಹೋದ ಜೀವ ಬಂದ ಹಾಗಾಯಿತು ಮರಿಸೆಲ್. ಜೀವ ಬಂದ ಕೂಡಲೇ ಜಂಬವೂ ಬಂತು. ನೋಡಿದೆಯಾ, ನನ್ನ ಗಂಡ ಕಳೆದುಹೋಗಿಲ್ಲ, ಕಳೆದವರನ್ನು ಹುಡುಕಿಕೊಡುತ್ತಿದ್ದಾರೆ, ಇದನ್ನು ಬರೆದು ನಿನ್ನ ಬಾಯಿ ಮುಚ್ಚಿಸಬೇಕು ಎಂದು ಅಲ್ಲೇ ಮನಸ್ಸಿನಲ್ಲಿ ಕಾಗದ ಶುರು ಮಾಡಿದೆ. ಅದು ಈ ಕಾಗದವಲ್ಲ.

ಹುಡುಗಿಯ ತಾಯಿ ಎಲ್ಲಿಂದಲೋ ಅಳುತ್ತಾ ಓಡಿಬಂದು ಮಗಳನ್ನು ಇಳಿಸಿಕೊಂಡಳು. ಜನ ಓ ಎಂದು ಹರ್ಷಪಟ್ಟು, ಚಪ್ಪಾಳೆ ನಿಲ್ಲಿಸಿ, ತಂತಮ್ಮ ನೆರಳಿಗೆ ತಿರುಗಿದರು. ನಿಮ್ಮಪ್ಪ ಮಾತ್ರ ಅಲ್ಲೇ ನಿಂತರು. ಕೈಗಳು ಇನ್ನೂ ಮಗುವಿನ ಕಾಲು ಹಿಡಿದ ಹಾಗೆಯೇ ಎದೆಯ ಮೇಲಿದ್ದವು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಎರಡೂ ಕಡೆ ಒಂದೇ ತರಹದ ಗುಡಾರಗಳು.

ಹುಡುಗಿ ತಾಯಿಯ ಕೈ ಜಗ್ಗಿದಳು. "ಅಮ್ಮಾ, ಈ ತಾತಾನೂ ಕಳೆದೋಗಿದ್ದಾರೆ."

"ಸುಮ್ನಿರು, ದೊಡ್ಡೋರು ಕಳೆದೋಗಲ್ಲ."

"ಹೋಗಿದ್ದಾರೆ. ಅವ್ರೇ ಹೇಳಿದ್ರು. ಇಬ್ಬರೂ ಕಳೆದೋಗಿದ್ವಿ. ತಾತನ್ನ ಹೊತ್ಕೊಳ್ಳೋಕೆ ನಂಗಾಗಲ್ಲ, ಅದಕ್ಕೆ ಅವ್ರೇ ನನ್ನ ಹೊತ್ಕೊಂಡ್ರು."

ಇಷ್ಟು ಹೇಳಿ ಆ ಪುಟ್ಟದು ನಿಮ್ಮಪ್ಪನ ಮುಂದೆ ನಿಂತು ತನ್ನ ಎರಡು ಚಿಕ್ಕ ಕೈಗಳಿಂದ ಚಪ್ಪಾಳೆ ಹೊಡೆಯತೊಡಗಿತು. ಯಾರೋ ಒಬ್ಬ ನಕ್ಕ, ಮತ್ತೆ ನಿಮ್ಮಪ್ಪನ ಮುಖ ನೋಡಿ ನಗು ನಿಲ್ಲಿಸಿದ. ಹುಡುಗಿಯ ತಾಯಿ ಕಣ್ಣೊರೆಸಿಕೊಂಡು ತಾನೂ ಹೊಡೆದಳು. ನಕ್ಕವನೂ ಚಪ್ಪಾಳೆಗೆ ಸೇರಿದ. ನೆರಳಿಗೆ ಹೋಗಿದ್ದವರು ವಾಪಸು ಬಂದರು. ಮಗುವಿಗೆ ಹೊಡೆದದ್ದಕ್ಕಿಂತ ಜೋರಾಗಿ, ನಿಧಾನವಾಗಿ, ಇಡೀ ತೀರ ಒಬ್ಬ ಮುದುಕನಿಗೆ ಚಪ್ಪಾಳೆ ಹೊಡೆಯಿತು.

ಈಗ ಬರೆಯುವುದು ನನಗೆ ಕಷ್ಟದ್ದು. ನಾನು ಎಷ್ಟೋ ದೂರದಲ್ಲಿರಲಿಲ್ಲ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದೆ. ಹೋಗಲಿಲ್ಲ. ಯಾರದೋ ಗುಡಾರದ ಬಟ್ಟೆಯ ಮರೆಗೆ ಸರಿದು ನಿಂತೆ. ನಮ್ಮ ಸಾಲಿನವರೆಲ್ಲ ಎದ್ದು ಬಂದಿದ್ದರು, ಚೋಲಾ ಇದ್ದಳು, ರೂಬೆನ್ ಇದ್ದ, ಗುಡಾರಗಳ ಮೇಸ್ತ್ರಿ ತಿತೊ ಇದ್ದ. ಆ ಸುತ್ತಿನೊಳಗೆ ಕಾಲಿಟ್ಟರೆ, ಇವರು ನನ್ನವರು, ಇವರು ದಾರಿ ತಪ್ಪುತ್ತಾರೆ, ನನಗೆ ಗೊತ್ತಿತ್ತು ಎಂದು ಎಲ್ಲರೆದುರು ಒಪ್ಪಿಕೊಂಡ ಹಾಗೆ. ಅದಕ್ಕೇ ಮರೆಯಲ್ಲಿ ನಿಂತು ನಾನೂ ಚಪ್ಪಾಳೆ ಹೊಡೆದೆ, ಬೇರೆ ಯಾರದೋ ಗಂಡನಿಗೆ ಎನ್ನುವ ಹಾಗೆ. ನಾಚಿಕೆಯಾಗುತ್ತದೆ ಮಗಳೇ. ನಲವತ್ತಾರು ವರ್ಷ ಒಟ್ಟಿಗೆ ಬದುಕಿದ ಮನುಷ್ಯ.

ಆದರೆ ಈ ಜನ ನಿಲ್ಲಿಸುವವರಲ್ಲ. ಕೈ ಸೋತವರು ಕೈ ಕೊಡವಿಕೊಂಡು ಮತ್ತೆ ಹೊಡೆಯುತ್ತಿದ್ದರು. ನಿಮ್ಮಪ್ಪ ಒಂದೊಂದೇ ಮುಖ ನೋಡುತ್ತಿದ್ದರು. ಗುರುತು ಸಿಗದ ಮುಖಕ್ಕೂ ಮರ್ಯಾದೆಯಿಂದ ತಲೆ ಬಾಗಿಸಿ ಮುಂದಿನ ಮುಖಕ್ಕೆ ಹೋಗುತ್ತಿದ್ದರು. ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಹತ್ತುವ ಪ್ರಯಾಣಿಕರಿಗೆಲ್ಲ ಹಾಗೇ ಮಾಡುತ್ತಿದ್ದರಲ್ಲ. ಅವರು ಹುಡುಕುತ್ತಿರುವುದು ನನ್ನನ್ನು ಎಂದು ತಿಳಿದಾಗ ನನ್ನ ಕಾಲು ಎದ್ದವು. ಹೋಗಿ ಮುಂದೆ ನಿಂತೆ. "ನಮ್ಮೋರು" ಅಂದೆ.

ನಿಮ್ಮಪ್ಪ ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡರು. "ಎಲ್ಲಿ ಹಾಳಾಗಿ ಹೋಗಿದ್ದೆ ನೆಲಿ? ನಿನಗೋಸ್ಕರ ಎಷ್ಟು ಜನ ಕೈ ನೋಯಿಸ್ಕೊಂಡ್ರು ನೋಡು" ಅಂದರು. ಆಮೇಲೆ ಜನರ ಕಡೆ ತಿರುಗಿ, ನನ್ನ ಕೈಯನ್ನು ಮೇಲೆತ್ತಿ ಹಿಡಿದು, "ಸಿಕ್ಕಿದ್ಲು, ಸಿಕ್ಕಿದ್ಲು. ಸಾಕು, ನಿಲ್ಸಿ" ಅಂದರು. ಎಲ್ಲರೂ ನಕ್ಕರು, ಕೆಲವರು ಅತ್ತರು. ಹಳದಿ ಉಡುಗೆಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜೀನ ಸರಿಯಾಗಿ ಹಿಡ್ಕೊಳ್ಳಿ ತಾತ" ಎಂದು ಬುದ್ಧಿ ಹೇಳಿ ಹೋಯಿತು. ಅವರು ಹಿಡಿದ ಕೈಯನ್ನು ಗುಡಾರ ಬರುವ ತನಕ ಬಿಡಲಿಲ್ಲ.

ದಾರಿಯಲ್ಲಿ ಚೋಲಾ ಬಂದು ನನ್ನ ಕಂಕುಳಿನ ಫ್ಲಾಸ್ಕ್ ತೆಗೆದುಕೊಂಡಳು. "ಇದು ಹೊಸದೇನಲ್ಲ ಚೋಲಾ, ನಿನಗೆ ಹೇಳ್ಬೇಕು ಅಂತಿದ್ದೆ" ಎಂದು ಶುರು ಮಾಡಿದೆ. "ಗೊತ್ತು ಕಣೆ" ಅಂದಳು. "ಹೋದ ವರ್ಷದಿಂದ ಗೊತ್ತು. ನೀನು ನೀರಿಗೆ ಹೋದಾಗೆಲ್ಲ ತಿತೊನೇ ಎವರಿಸ್ತೊನ್ನ ಕರ್ಕೊಂಡು ಬಂದು ಕುರ್ಚಿಲಿ ಕೂರಿಸ್ತಾನೆ. ಇವತ್ತು ಅವನು ಸ್ವಲ್ಪ ಮೈಮರೆತ. ನೀನಾಗಿ ಹೇಳ್ಲಿ ಅಂತ ಎಲ್ರೂ ಕಾಯ್ತಿದ್ವಿ." ಆಮೇಲೆ ನನ್ನ ಮುಖ ನೋಡಿ, "ತ್ರೂಕೊದಲ್ಲಿ ನೀನೊಬ್ಳೇ ಸುಳ್ಳು ಹೇಳೋದು ಅಂದ್ಕೊಂಡಿದ್ಯಾ?" ಎಂದಳು. ಇಷ್ಟು ದಿನ ನಾನು ಕಾಪಾಡಿಕೊಂಡು ಬಂದ ಗುಟ್ಟು ಇಡೀ ಸಾಲಿಗೆ ಗೊತ್ತಿದ್ದ ಗುಟ್ಟು. ನನಗೆ ಸಿಟ್ಟೂ ಬಂತು, ಮೈ ಹಗುರವೂ ಆಯಿತು.

ಕಾರಿನ ಬ್ಯಾಟರಿ ಸರಿಯಾಗಿಯೇ ಇದೆ. ಕೀಲಿಯನ್ನು ಹಿಟ್ಟಿನ ಡಬ್ಬದೊಳಗೆ ಹೂತಿಟ್ಟವಳು ನಾನು. ನವೆಂಬರಿನಲ್ಲಿ ನಿಮ್ಮಪ್ಪ ಹಾಲು ತರುತ್ತೇನೆಂದು ಕಾರು ತೆಗೆದುಕೊಂಡು ಹೋದವರು ಸಂಜೆ ತಪಾಲ್ಕೆ ಊರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಕಾರಿನ ಎಲ್ಲ ಬಾಗಿಲು ತೆರೆದಿಟ್ಟು, ಪ್ರಯಾಣಿಕರು ಹತ್ತಲಿ ಎಂದು ಕಾಯುತ್ತಿದ್ದರಂತೆ. ಹಾಲಿನ ಚೀಲ ಮಡಿಲಲ್ಲೇ ಇತ್ತು. ಅವತ್ತು ನಿನಗೆ ಫೋನ್ ಮಾಡಲು ನಂಬರು ಒತ್ತಿ, ಅದು ಹೊಡೆದುಕೊಳ್ಳುವ ಮೊದಲೇ ಇಟ್ಟೆ. ಚಪ್ಪಲಿಯ ಸಂಗತಿ ಕೂಡ ತಮಾಷೆಯಲ್ಲ. ನೀನು ಹೇಳಿದ್ದು ಸರಿ ಇತ್ತು. ಈ ಒಂದು ಮಾತು ಬರೆಯಲು ನನಗೆ ಇಷ್ಟು ಹಾಳೆ ಬೇಕಾಯಿತು.

ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಸಿದ್ದೇನೆ, ಫೆಬ್ರವರಿಯಲ್ಲಿ. ನಿಮ್ಮಪ್ಪ ಚೆನ್ನಾಗಿ ಉಣ್ಣುತ್ತಾರೆ, ಮಗುವಿನ ಹಾಗೆ ನಿದ್ದೆ ಮಾಡುತ್ತಾರೆ, ನನ್ನ ಮೇಲೆ ಮೊದಲಿನಷ್ಟೇ ರೇಗುತ್ತಾರೆ. ಬಾ ಎಂದು ನಾನು ಕರೆಯುತ್ತಿಲ್ಲ. ನಿನಗೂ ಆಸ್ಪತ್ರೆಯಲ್ಲಿ ಪಾಳಿಗಳಿರುತ್ತವೆ, ನೀನಿರುವ ಟ್ರೆಲೆವ್ ಪಕ್ಕದ ಬೀದಿಯೇನಲ್ಲ. ಗುಡಾರ ಈ ತಿಂಗಳ ಕೊನೆಯ ತನಕ ನಮ್ಮದು ಎಂದು ಸುಮ್ಮನೆ ತಿಳಿಸುತ್ತಿದ್ದೇನೆ, ಅಷ್ಟೆ. ಮೂರನೇ ಸಾಲು. ನಿನ್ನ ಕುರ್ಚಿಯನ್ನು ಯಾರೂ ತೆಗೆದಿಲ್ಲ.

ಬಿಸಿಲಿಗೆ ಮೂಗು ಸುಟ್ಟುಕೊಂಡಿರುವ, ಹಟ ಮಾತ್ರ ಸ್ವಲ್ಪ ಕಳೆದುಕೊಂಡಿರುವ,

ನಿನ್ನ ಅಮ್ಮ
ನೆಲಿದಾ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಗುರುವಾರದಿಂದ ಪ್ರತಿ ಸಂಜೆ ನಿಮ್ಮಪ್ಪ ನೀರಿನ ಅಂಚಿಗೆ ಹೋಗಿ, ದಕ್ಷಿಣಕ್ಕೆ ಮುಖ ಮಾಡಿ ಒಬ್ಬರೇ ಚಪ್ಪಾಳೆ ಹೊಡೆಯುತ್ತಾರೆ. ಆ ಕಡೆ ಬರೀ ಸಮುದ್ರ, ಅದರಾಚೆ ನೀನು. ಮೊದಲ ದಿನ, "ಯಾರಿಗ್ರೀ ಇದು? ಇಲ್ಲಿ ಯಾವ ಮಗೂನೂ ಕಳೆದಿಲ್ಲ, ಬನ್ನಿ" ಎಂದು ಗದರಿದೆ. "ಮಗು ಅಲ್ಲ ನೆಲಿ, ಕಳೆದಿರೋದು ನಾವು. ಮರಿಸೆಲ್ ಇನ್ನೂ ಬಂದಿಲ್ವಲ್ಲ" ಅಂದರು. ಮೊನ್ನೆಯಿಂದ ನಾನೂ ಪಕ್ಕದಲ್ಲಿ ನಿಂತು ಹೊಡೆಯುತ್ತಿದ್ದೇನೆ. ಕೈ ನೋಯುತ್ತದೆ. ಆದರೆ ಪದ್ಧತಿ ನಿನಗೆ ಗೊತ್ತಲ್ಲ, ನಡುವೆ ನಿಲ್ಲಿಸುವ ಹಾಗಿಲ್ಲ.